ಲೀಟ್ರು ಐತೆ, ಫ್ಯಾಟಿಲ್ಲ

ಸೆಕ್ರೆಟರಿಯಮ್ಮನ ಸೀರೆಗಳ ಸೆರಗಿನಲ್ಲೆಲ್ಲ ಸಾಸಿವೆ ಕಾಳಿನಷ್ಟು ಸಣ್ಣ ತೂತುಗಳಿದ್ದವು. ಹಾಲಿನ ಕೊಬ್ಬು ಅಳೆಯುವ ಯಂತ್ರ ಬರುವ ಮೊದಲು ಗಾಜಿನ ಕೊಳವೆಯಲ್ಲಿ ಹಾಲಿಗೆ ಆಸಿಡ್ ಬೆರೆಸಿ ನೋಡಬೇಕಾಗಿತ್ತು. ಆಗ ಸಿಡಿದ ಹನಿಗಳ ಗುರುತು ಅವು. ಯಂತ್ರ ಬಂದು ಎಷ್ಟೋ ವರ್ಷಗಳಾದ ಮೇಲೂ ಅವರು ಆ ಸೀರೆಗಳನ್ನೇ ಉಟ್ಟು ಡೇರಿಗೆ ಬರುತ್ತಿದ್ದರು. ಯಾರಾದರೂ ಕೇಳಿದರೆ, "ಇದು ನನ್ನ ಯೂನಿಫಾರಂ ಕಣ್ರೀ. ಪೊಲೀಸಿನೋರಿಗೆ ಹೆಗಲ ಮೇಲೆ ನಕ್ಷತ್ರ, ನನಗೆ ಸೆರಗಲ್ಲಿ ತೂತು" ಎನ್ನುತ್ತಿದ್ದರು.

ಹಗರೆಯಲ್ಲಿ ಬಸ್ಸಿಳಿದು ಒಳದಾರಿ ಹಿಡಿದರೆ ನಮ್ಮ ಊರು. ಅಲ್ಲಿನ ಮಹಿಳೆಯರ ಹಾಲಿನ ಸಂಘಕ್ಕೆ ಅವರು ಕಾರ್ಯದರ್ಶಿ, ಊರಿಗೆಲ್ಲ ಸೆಕ್ರೆಟರಿಯಮ್ಮ. ನಾನು ಬೇಲೂರಿನ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತನಾದವನು. ನಿವೃತ್ತಿಯ ನಂತರ ಹೆಂಡತಿಯ ತವರೂರಾದ ಇಲ್ಲಿ ಮನೆ ಕಟ್ಟಿಕೊಂಡೆವು. ನನ್ನ ತಂದೆ ಅರಸೀಕೆರೆಯಲ್ಲಿ ರೈಲ್ವೆ ನೌಕರರಾಗಿದ್ದರು. ನಮ್ಮ ಮನೆಯಲ್ಲಿ ಊಟ, ಓದು, ನಿದ್ದೆ ಎಲ್ಲವೂ ರೈಲಿನ ವೇಳೆಗೆ ನಡೆಯುತ್ತಿದ್ದವು. ಆ ಅಭ್ಯಾಸ ನನ್ನನ್ನು ಬಿಡಲಿಲ್ಲ, ನಾನೂ ಅದನ್ನು ಬಿಡಲಿಲ್ಲ. ಬೆಳಗಿನ ನಡಿಗೆ ಮುಗಿಸಿ ಆರೂವರೆಗೆ ಸರಿಯಾಗಿ ತಂಬಿಗೆ ಹಿಡಿದು ಡೇರಿಯ ಮುಂದೆ ನಿಲ್ಲುತ್ತಿದ್ದೆ. ಸೆಕ್ರೆಟರಿಯಮ್ಮ ಒಳಗಿಂದಲೇ, "ಮೇಷ್ಟ್ರು ಬಂದ್ರು, ಗಡಿಯಾರ ನೋಡ್ಕಳ್ರವ್ವ" ಎಂದು ಸಾಲಿನಲ್ಲಿ ನಿಂತ ಹೆಂಗಸರಿಗೆ ಹೇಳುತ್ತಿದ್ದರು.

ಯಂತ್ರವಿದ್ದರೂ ಅವರು ಪ್ರತಿ ಪಾತ್ರೆಯ ಹಾಲನ್ನೂ ಮೊದಲು ಮೂಸುತ್ತಿದ್ದರು. ಹಸು ಏನು ಮೇದಿದೆ, ಪಾತ್ರೆ ಯಾವಾಗ ತೊಳೆದದ್ದು ಎಂದು ಮೂಗಿನಲ್ಲೇ ಹೇಳುತ್ತಿದ್ದರು. ಕೆಲವೊಮ್ಮೆ ತಪ್ಪುತ್ತಿತ್ತು, ಒಪ್ಪಿಕೊಳ್ಳುತ್ತಿರಲಿಲ್ಲ. ನೀರು ಬೆರೆಸಿದ ಹಾಲು ಬಂದರೆ ಕೂಗಾಡಿ ಮಾನ ಕಳೆಯುತ್ತಿರಲಿಲ್ಲ. "ಅಕ್ಕ, ಇವತ್ತು ನಿಮ್ಮ ಹಸು ನೀರು ಜಾಸ್ತಿ ಕುಡಿದೈತೆ. ನಾಳೆ ಒಸಿ ಕಡಿಮೆ ಕುಡಿಸಿ" ಎಂದು ಪಾತ್ರೆಯನ್ನು ಹಿಂದಕ್ಕೆ ತಳ್ಳುತ್ತಿದ್ದರು. ಸಾಲಿನಲ್ಲಿದ್ದವರು ನಗುತ್ತಿದ್ದರು, ಪಾತ್ರೆ ತಂದವಳೂ ನಗಬೇಕಾಗುತ್ತಿತ್ತು. ಮರುದಿನ ಹಾಲು ಸರಿಯಾಗಿರುತ್ತಿತ್ತು. ಸಂಘದ ಅಧ್ಯಕ್ಷೆಯ ಮನೆಯ ಪಾತ್ರೆಯೂ ಒಮ್ಮೆ ಹೀಗೆ ಹಿಂದಕ್ಕೆ ಹೋದದ್ದನ್ನು ನಾನೇ ನೋಡಿದ್ದೇನೆ.

ಆ ಅಧ್ಯಕ್ಷೆಯ ಗಂಡ ಊರಿನ ಗೌಡರು. ತೆಂಗು, ರಾಗಿ, ಗದ್ದೆ ಎಲ್ಲ ಇದ್ದವರು. ಹೆಂಡತಿಯ ಪರವಾಗಿ ಸಂಘದ ಮಾತೆಲ್ಲ ಅವರೇ ಆಡುತ್ತಿದ್ದರು. ಸೆಕ್ರೆಟರಿಯಮ್ಮನ ಕುರ್ಚಿಗೆ ಕುತ್ತು ಬಂದದ್ದೂ ಅವರ ಬಾಯಿಂದಲೇ ಊರಿಗೆ ತಿಳಿಯಿತು. ಕಾರ್ಯದರ್ಶಿಯನ್ನು ಕಾಯಂ ಮಾಡಬೇಕಾದರೆ ಎಸ್ಸೆಸ್ಸೆಲ್ಸಿ ಪಾಸಾಗಿರಬೇಕೆಂಬ ನಿಯಮವಂತೆ. ಇವರು ಅಷ್ಟು ವರ್ಷ ಕೆಲಸ ಮಾಡಿದ್ದು ತಾತ್ಕಾಲಿಕ ಲೆಕ್ಕದಲ್ಲಿ. ಇವರಾದರೋ ಹತ್ತನೇ ತರಗತಿಯಲ್ಲಿ ಗಣಿತವೊಂದರಲ್ಲಿ ಒಂದೇ ಒಂದು ಅಂಕ ಕಡಿಮೆ ಬಂದು ಫೇಲಾಗಿ, ಆ ಬೇಸಿಗೆಯಲ್ಲೇ ಹುಲಿಕೆರೆಯಿಂದ ಮದುವೆಯಾಗಿ ಬಂದವರು. ಮುಂದಿನ ಪರೀಕ್ಷೆಯಲ್ಲಿ ಗಣಿತ ಕಟ್ಟಿ ಪಾಸಾದರೆ ಕುರ್ಚಿ ಉಳಿಯುತ್ತದೆ, ಇಲ್ಲದಿದ್ದರೆ ಬೇರೆಯವರಿಗೆ. ಬೇರೆಯವರೆಂದರೆ ಯಾರೆಂದು ಹೇಳಬೇಕಾಗಿರಲಿಲ್ಲ. ಗೌಡರ ಸೊಸೆ ಪಿಯುಸಿ ಮುಗಿಸಿದ್ದಳು.

ಅದೇ ಸಮಯಕ್ಕೆ ರೋಗದ ಭಯದಿಂದ ಶಾಲೆಗಳು ಮುಚ್ಚಿದವು. ಹಾಲಿಗೆ ಮಾತ್ರ ಲಾಕ್‌ಡೌನ್ ಇರಲಿಲ್ಲ, ಹಸುವಿಗೆ ಯಾರ ಆದೇಶವೂ ತಲುಪುವುದಿಲ್ಲ. ಸರ್ಕಾರಿ ವಾಹಿನಿಯಲ್ಲಿ ಹತ್ತನೆಯವರಿಗೆ ಪಾಠ ಬರತೊಡಗಿತು. ಹೈನುಗಾರಿಕೆಯ ಕಾರ್ಯಕ್ರಮ ತೋರಿಸಲೆಂದು ಸಂಘದವರು ಹಿಂದೆ ತಂದಿದ್ದ ದೊಡ್ಡ ಟೀವಿಯೊಂದು ಡೇರಿಯಲ್ಲಿತ್ತು. ಬೆಳಗಿನ ಹಾಲು ಮುಗಿದು, ನೆಲ ತೊಳೆದು, ಊರಿನ ಹತ್ತನೆಯ ಮಕ್ಕಳನ್ನು ಅವರು ದೂರ ದೂರ ಕೂರಿಸುತ್ತಿದ್ದರು. ಮಕ್ಕಳ ಹಿಂದೆ, ಕ್ಯಾನುಗಳ ಪಕ್ಕದಲ್ಲಿ ಚಾಪೆ ಹಾಸಿಕೊಂಡು ತಾವೂ ಕೂರುತ್ತಿದ್ದರು. ಮೊದಲ ವಾರ ಎಲ್ಲರೂ ಅವರು ಮಕ್ಕಳನ್ನು ಕಾಯುತ್ತಿದ್ದಾರೆ ಎಂದುಕೊಂಡರು. ಎರಡನೇ ವಾರ ಅವರ ಕೈಯಲ್ಲಿ ಪೆನ್ನು ಕಾಣಿಸಿತು.

ತೊಂದರೆ ಬಂದದ್ದು ಚಿತ್ರದಿಂದ. ಪಾಠ ಚೆನ್ನಾಗಿ ನಡೆಯುತ್ತಿರುವಾಗಲೇ ಟೀವಿಯಲ್ಲಿ ಪಾಠ ಹೇಳುವವರ ಮುಖ ಚೌಕ ಚೌಕವಾಗಿ ಒಡೆದು, ಮೂಗು ಕಿವಿಯ ಹತ್ತಿರ ಹೋಗಿ ನಿಲ್ಲುತ್ತಿತ್ತು. ಮಾತು ತುಂಡಾಗುತ್ತಿತ್ತು. ಆಮೇಲೆ ತೆರೆ ಕಪ್ಪಾಗಿ 'ಸಿಗ್ನಲ್ ಇಲ್ಲ' ಎಂಬ ಬರಹ. ಸ್ವಲ್ಪ ಹೊತ್ತಿಗೆ ಮತ್ತೆ ಬಂದರೆ ಲೆಕ್ಕ ಮುಗಿದು ಉತ್ತರದ ಕೆಳಗೆ ಗೆರೆ ಎಳೆದಿರುತ್ತಿದ್ದರು. ಹಿಂದೆ ಆಂಟೆನಾ ಇದ್ದಾಗ ಸಿಗ್ನಲ್ ಸೋತರೆ ತೆರೆಯ ಮೇಲೆ ಮರಳು ಸುರಿದ ಹಾಗಾಗುತ್ತಿತ್ತು, ಆದರೂ ನಿಂತವರು ಯಾರೆಂದು ಗೊತ್ತಾಗುತ್ತಿತ್ತು. ಡಿಶ್ ಹಾಗಲ್ಲ. ಒಂದು ಮಟ್ಟದವರೆಗೆ ಚಿತ್ರ ಕನ್ನಡಿಯಂತೆ ಇರುತ್ತದೆ. ಆ ಮಟ್ಟಕ್ಕಿಂತ ಕೂದಲೆಳೆಯಷ್ಟು ಇಳಿದರೆ ಚೂರುಚೂರು. ಇದನ್ನು ನಾನು ಒಂದು ದಿನ ಹಾಲು ಕೊಳ್ಳುವಾಗ ಅವರಿಗೆ ವಿವರಿಸಿದೆ.

ಅವರು ಕೇಳಿ, "ಹಂಗಾರೆ ನನ್ನ ಮಾರ್ಕ್ಸ್ ಕಾರ್ಡಿನಂಗೇ ಐತೆ. ಮೂವತ್ತೈದು ಬಂದ್ರೆ ಪಾಸು, ಮೂವತ್ನಾಕು ಬಂದ್ರೆ ಸೊನ್ನೆ ಬಂದೋರ ಜೊತೆ ಕೂತ್ಕ" ಎಂದರು. ನನ್ನ ತಂಬಿಗೆಗೆ ಹಾಲು ಹುಯ್ಯುತ್ತ, "ಮೇಷ್ಟ್ರೇ, ಆ ಟೀವಿ ಕಿತ್ತೋದಾಗ ನಡುವಿನದ್ದು ನೀವು ಹೇಳ್ಕೊಡಬಾರ್ದಾ" ಎಂದು ಕೇಳಿದರು.

ನಿವೃತ್ತನಾದ ದಿನವೇ ಇನ್ನು ಸೀಮೆಸುಣ್ಣ ಮುಟ್ಟುವುದಿಲ್ಲವೆಂದು ನಿರ್ಧರಿಸಿದ್ದೆ. ನನ್ನ ದಿನ ಪೂರ್ತಿ ಹಂಚಿಹೋಗಿತ್ತು. ಪತ್ರಿಕೆಗೆ ಒಂದು ಹೊತ್ತು, ಹೂಗಿಡಕ್ಕೆ ಒಂದು ಹೊತ್ತು. "ನಾನು ನಿವೃತ್ತ ಕಣಮ್ಮ" ಎಂದೆ.

"ಹಾಲು ಬತ್ತಿದ ಹಸು ಮಾತಾಡ್ದಂಗೆ ಮಾತಾಡ್ತೀರಲ್ಲ ಮೇಷ್ಟ್ರೇ. ಬತ್ತಿದ ಹಸುಗೂ ಹುಲ್ಲು ಹಾಕ್ತೀವಿ. ಯಾಕೆ ಹೇಳಿ? ಮತ್ತೆ ಕರೀತದೆ ಅಂತ."

ಸಾಲಿನಲ್ಲಿದ್ದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ನಾನು ತಂಬಿಗೆ ಹಿಡಿದು ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳೂ ನಕ್ಕಳು, ನನ್ನ ಕಡೆ ಮಾತಾಡಲಿಲ್ಲ. ಮರುದಿನ ಎಂಟೂವರೆಗೆ ಡೇರಿಯಲ್ಲಿದ್ದೆ.

ಟೀವಿ ಚೂರಾದಾಗಲೆಲ್ಲ ನಾನು ಎದ್ದು ಗೋಡೆಗೆ ಒರಗಿಸಿದ್ದ ಹಲಗೆಯ ಮೇಲೆ ಮುಂದಿನ ಹೆಜ್ಜೆ ಬರೆಯುವುದು, ಚಿತ್ರ ಬಂದ ಮೇಲೆ ಕೂರುವುದು. ಹೀಗೆ ಏಳುತ್ತ ಕೂರುತ್ತ ಪಾಠ ನಡೆಯಿತು. ಮಕ್ಕಳು ಬೇಗ ಹಿಡಿದರು. ಸೆಕ್ರೆಟರಿಯಮ್ಮನಿಗೆ ಕಷ್ಟವಾಗುತ್ತಿತ್ತು. ಹಾಲಿನ ಲೆಕ್ಕವನ್ನು ಬಾಯಲ್ಲೇ ಮಾಡುತ್ತಿದ್ದವರು ಎಕ್ಸ್, ವೈ ಕಂಡರೆ ಪೆನ್ನು ಕೆಳಗಿಡುತ್ತಿದ್ದರು. ಸಮಾಂತರ ಶ್ರೇಢಿಯ ಪಾಠ ಎರಡು ಬಾರಿ ಹೇಳಿದರೂ ಅವರ ಮುಖ ಬಿಗಿದೇ ಇತ್ತು. ಮೂರನೆಯ ಬಾರಿ ನಾನು, "ನಿಮ್ಮ ತವರೂರು ಹುಲಿಕೆರೆಯ ಕಲ್ಲಿನ ಕೊಳಕ್ಕೆ ಇಳಿದಿದ್ದೀರಲ್ಲ, ಹೇಗೆ ಇಳಿಯುತ್ತೀರಿ?" ಎಂದು ಕೇಳಿದೆ.

"ಮೆಟ್ಟಿಲ ಮೇಲೆ."

"ಒಂದು ಮೆಟ್ಟಿಲಿಗೂ ಮುಂದಿನದಕ್ಕೂ ಎಷ್ಟು ಇಳಿತ?"

"ಎಲ್ಲಾ ಒಂದೇ ಸಮ. ಹಂಗಿಲ್ದಿದ್ರೆ ನೀರಿಗೆ ಬೀಳ್ತೀವಿ." ಹೇಳುತ್ತಿದ್ದಂತೆ ಅವರ ಹುಬ್ಬುಗಳು ಮೇಲೆದ್ದವು. "ಇದೇನಾ ಶ್ರೇಢಿ? ಮೊದಲ್ನೇ ಮೆಟ್ಟಿಲು ಎಲ್ಲೈತೆ, ಒಂದೊಂದಕ್ಕೆ ಎಷ್ಟು ಇಳೀತೀವಿ, ಅಷ್ಟು ಗೊತ್ತಿದ್ರೆ ತಳದ ಮೆಟ್ಟಿಲು ಇಲ್ಲಿಂದ್ಲೇ ಹೇಳ್ಬೋದು. ಇಷ್ಟಕ್ಕೆ ಅಷ್ಟೊಂದು ಎ, ಡಿ ಯಾಕೆ ಬರೀತೀರಿ?"

ಆ ಅಧ್ಯಾಯದಲ್ಲಿ ಅವರು ಆಮೇಲೆ ತಪ್ಪಲೇ ಇಲ್ಲ. ಆದರೆ ಉಳಿದ ಅಧ್ಯಾಯಗಳಿಗೆಲ್ಲ ನನ್ನಲ್ಲಿ ಕೊಳಗಳಿರಲಿಲ್ಲ. ಟೀವಿಯಲ್ಲಿ ಚಿತ್ರ ಬಿಡಿಸಿ, ಬಣ್ಣ ಹಾಕಿ, ತ್ರಿಕೋನವನ್ನು ತಿರುಗಿಸಿ ತೋರಿಸುವುದನ್ನು ಹಲಗೆಯ ಮೇಲೆ ತೋರಿಸಲು ನನ್ನಿಂದ ಆಗುತ್ತಿರಲಿಲ್ಲ. ಟೀವಿ ಸರಿಯಾಗಲೇಬೇಕಿತ್ತು.

ಡೇರಿಗೆ ಬರುವವರೆಲ್ಲ ಒಂದೊಂದು ಕಾರಣ ಹೇಳಿದರು. ಹಾಲು ಹಾಕುವ ಹಿರಿಯ ಹೆಂಗಸೊಬ್ಬರು, "ಡಿಶ್ಶು ಆಗ್ನೇಯಕ್ಕೆ ಮುಖ ಮಾಡೈತೆ. ಬೆಂಕಿ ಮೂಲೆ ನೋಡ್ಕಂಡು ನಿಂತ್ರೆ ಇನ್ನೇನಾದಾತು? ಈಶಾನ್ಯಕ್ಕೆ ತಿರುಗಿಸಿ" ಎಂದರು.

"ಈಶಾನ್ಯಕ್ಕೆ ತಿರುಗಿಸಿದ್ರೆ ಅರಸೀಕೆರೆ ಕಾಣ್ತದೆ ಅಕ್ಕ, ಪಾಠ ಕಾಣಲ್ಲ" ಎಂದರು ಸೆಕ್ರೆಟರಿಯಮ್ಮ.

ಗೌಡರು ಬೇಲೂರಿನಿಂದ ಬೂಸ್ಟರ್ ಎಂಬ ಒಂದು ಸಣ್ಣ ಡಬ್ಬಿ ತಂದು ಕೊಟ್ಟರು. ಸಿಗ್ನಲ್ಲನ್ನು ಜೋರು ಮಾಡುವ ಡಬ್ಬಿ ಅದು. ಕೊಡುವಾಗ, "ತಗಳವ್ವ ಸೆಕ್ರೆಟ್ರಿ, ನೀನು ಪಾಸಾಗ್ಲಿಲ್ಲ ಅಂದ್ರೆ ಗೌಡ ಅಡ್ಡ ಬಂದ ಅನ್ನಬಾರ್ದು" ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಅದನ್ನು ಜೋಡಿಸಿ ರಿಮೋಟಿನಲ್ಲಿ ಸಿಗ್ನಲ್ ಪರದೆ ತೆರೆದೆವು. ಅಲ್ಲಿ ಎರಡು ಪಟ್ಟಿಗಳಿರುತ್ತವೆ. ಮೇಲಿನದು ಸಿಗ್ನಲ್ ಎಷ್ಟು ಜೋರಾಗಿದೆ ಎಂದು ತೋರಿಸುತ್ತದೆ, ಕೆಳಗಿನದು ಎಷ್ಟು ಶುದ್ಧವಾಗಿದೆ ಎಂದು. ಮೇಲಿನ ಪಟ್ಟಿ ಪೂರ್ತಿ ತುಂಬಿತು. ಕೆಳಗಿನದು ಮೊದಲಿಗಿಂತ ಗಿಡ್ಡವಾಯಿತು. ಚಿತ್ರ ಇನ್ನೂ ಹೆಚ್ಚು ಒಡೆಯಿತು. ಗೌಡರು ಮೇಲಿನ ಪಟ್ಟಿ ತೋರಿಸಿ, "ನೋಡಿ ಎಂಗೆ ತುಂಬೈತೆ" ಎಂದರು.

ಸೆಕ್ರೆಟರಿಯಮ್ಮ ಎರಡೂ ಪಟ್ಟಿಗಳನ್ನು ಬಹಳ ಹೊತ್ತು ನೋಡಿದರು. ಕಾರ್ಯದರ್ಶಿಯಾಗಿ ಅಷ್ಟು ವರ್ಷ ಅವರು ನೋಡಿದ್ದು ಎರಡೇ ಅಂಕಿ, ಹಾಲು ಎಷ್ಟು ಮತ್ತು ಅದರಲ್ಲಿ ಕೊಬ್ಬು ಎಷ್ಟು. "ಇದು ನೀರು ಹಾಕಿರೋ ಹಾಲು ಕಣ್ರೀ. ಲೀಟ್ರು ಐತೆ, ಫ್ಯಾಟಿಲ್ಲ. ಡಬ್ಬಿ ಕಿತ್ತಾಕಿ" ಎಂದರು.

ನಾನು ನನ್ನ ಕಡೆಯಿಂದ ಒಂದು ಸಂಗತಿ ಕೊಡಬಲ್ಲವನಾಗಿದ್ದೆ. ಶಾಲೆಯ ವೇಳಾಪಟ್ಟಿ ಮಾಡಿ ಮಾಡಿ ನನಗೆ ಎಲ್ಲವನ್ನೂ ವಾರಕ್ಕೆ ಹೊಂದಿಸಿ ನೋಡುವ ಚಟ. ಮಳೆಯ ದಿನ ಬಿಟ್ಟರೆ ಚಿತ್ರ ತೀರಾ ಹದಗೆಡುವುದು ಮಂಗಳವಾರ ಎಂದು ಹೇಳಿದೆ.

"ಆಕಾಶದಾಗಿರೋದಕ್ಕೆ ಮಂಗಳವಾರ ಏನು, ಬುಧವಾರ ಏನು? ಮಂಗಳವಾರ ಅಂದ್ರೆ ಕೊರತೆ ಇರೋದು ನಮ್ಮ ಊರಲ್ಲೇ" ಎಂದರು ಅವರು.

ಮುಂದಿನ ಮಂಗಳವಾರ ಪಾಠಕ್ಕೆ ಮೊದಲೇ ರಿಮೋಟನ್ನು ನನ್ನ ಕೈಗೆ ಕೊಟ್ಟರು. "ಆ ಎರಡು ಪಟ್ಟಿ ಹಾಕ್ಕಂಡು ಕೂತ್ಕಳಿ. ಕೆಳಗಿನದ್ದು ಮಾತ್ರ ನೋಡಿ. ನಾನು ವಯರು ಹಿಡ್ಕಂಡು ಹೋಯ್ತೀನಿ." ದೊಡ್ಡ ಕ್ಯಾನು ಹುಳಿಯಾದಾಗಲೂ ಅವರು ಹೀಗೇ ಮಾಡುತ್ತಿದ್ದರು. ಆ ಕ್ಯಾನಿಗೆ ಯಾರ ಯಾರ ಹಾಲು ಬಿದ್ದಿದೆಯೋ ಅವರ ಮನೆಗೆ ಒಂದೊಂದಾಗಿ ಹಿಂದಕ್ಕೆ ನಡೆದು, ಹುಳಿ ಎಲ್ಲಿ ಹುಟ್ಟಿತೆಂದು ಹಿಡಿಯುವುದು. ವಯರು ಗೋಡೆ ಹಿಡಿದು, ತಗಡಿನ ಸೂರಿನ ಅಂಚಿನಲ್ಲಿ ಸುತ್ತಿ, ಡೇರಿಯ ಹಿಂಭಾಗಕ್ಕೆ ಹೋಗುತ್ತಿತ್ತು. ಅಲ್ಲಿ ನೆಲಕ್ಕೆ ನೆಟ್ಟ ಉದ್ದನೆಯ ಕಬ್ಬಿಣದ ಪೈಪು, ಅದರ ತುದಿಯಲ್ಲಿ ಸೂರಿಗಿಂತ ಮೇಲೆ ಡಿಶ್.

ಹೊರಗಿನಿಂದ ಧ್ವನಿ ಬಂತು. "ಎಂಗೈತೆ?"

"ಶುದ್ಧತೆ ಅರವತ್ತೆರಡರಿಂದ ಅರವತ್ತಕ್ಕೆ ಬಂದಿದೆ, ಆದರೆ ಮೇಲಿನದನ್ನು ಹೋಲಿಸಿದರೆ..."

"ಮೇಷ್ಟ್ರೇ, ಐತೆ, ಇಲ್ಲ, ಅಷ್ಟೇ ಹೇಳಿ. ವಿವರಣೆ ಆಮೇಲೆ."

"ಇದೆ."

"ಈಗ?"

"ಇದೆ."

"ಈಗ?"

"ಹೋಯ್ತು." ಪಟ್ಟಿ ಕುಸಿದು ಕೆಂಪಾಗಿತ್ತು. ನಾನು ಬಾಯಿ ಮುಚ್ಚುವ ಮೊದಲೇ ಮತ್ತೆ ಎದ್ದಿತು. "ಬಂತು. ಹೋಯ್ತು. ಬಂತು."

ಹೊರಗಿನಿಂದ ಅವರ ನಗು ಕೇಳಿಸಿತು. "ಎದ್ದು ಬನ್ನಿ ಇಲ್ಲಿ. ಕೊರತೆ ಯಾರ ಮನೇದು ಅಂತ ಸಿಕ್ತು."

ಮಂಗಳವಾರ ದನದ ಡಾಕ್ಟರು ಡೇರಿಗೆ ಬರುವ ದಿನ. ಊರಿನವರು ಹಸುಗಳನ್ನು ಹಿಡಿದುಕೊಂಡು ಬಂದು, ಡಾಕ್ಟರು ಕರೆಯುವವರೆಗೆ ಹಿಂದಿನ ಅಂಗಳದಲ್ಲಿ ಸಿಕ್ಕಲ್ಲಿ ಕಟ್ಟುತ್ತಿದ್ದರು. ಆ ಪೈಪಿನ ಬುಡಕ್ಕೆ ಗೌಡರ ಸೀಮೆಹಸುವನ್ನು ಕಟ್ಟಿತ್ತು. ಬೇಲಿಯಾಚೆ ಯಾರದೋ ಜೋಳದ ಸೊಪ್ಪು ಹಸಿರಾಗಿತ್ತು. ಹಸು ಅದಕ್ಕೆ ಕತ್ತು ಚಾಚಿದಾಗ ಹಗ್ಗ ಬಿಗಿದು ಪೈಪು ಒಂದು ಬೆರಳಿನಷ್ಟು ವಾಲುತ್ತಿತ್ತು, ಸುಮ್ಮನೆ ನಿಂತಾಗ ನೆಟ್ಟಗಾಗುತ್ತಿತ್ತು. ವಾರವಾರ ಹೀಗೆ ಎಳೆದು ಬುಡ ಸಡಿಲವಾಗಿದ್ದರಿಂದ ಉಳಿದ ದಿನ ಗಾಳಿಗೂ ಅಲ್ಲಾಡುತ್ತಿತ್ತು. ಅಷ್ಟು ವಾರಗಳಿಂದ ಟೀವಿ ಕೆಟ್ಟಾಗಲೆಲ್ಲ ನಾವು ಹೊರಗೆ ಓಡಿ ಬಂದು ಕತ್ತೆತ್ತಿ ಡಿಶ್ ನೋಡಿ ಹೋಗುತ್ತಿದ್ದೆವು. ಬುಡದಲ್ಲಿ ನಿಂತ ಹಸುವನ್ನು ಒಬ್ಬರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಡೇರಿಯ ಹಿಂದೆ ಹಸು ಇರುವುದು ಯಾರಿಗೆ ತಾನೇ ವಿಶೇಷ?

ಗೌಡರು ಅಲ್ಲೇ ಕಲ್ಲಿನ ಮೇಲೆ ಕೂತು ಎಲೆಯಡಿಕೆ ಹಾಕುತ್ತಿದ್ದರು.

"ಗೌಡ್ರೇ, ನಿಮ್ಮ ಹಸು ಹತ್ತನೇ ಕ್ಲಾಸಿನ ಪಾಠ ಮೇಯ್ತಾ ಐತೆ" ಎಂದರು ಸೆಕ್ರೆಟರಿಯಮ್ಮ.

"ಕಂಬ ಇತ್ತು, ಕಟ್ಟಿದೀನಿ."

"ಅದು ಡಿಶ್ಶಿನ ಕಂಬ."

"ಕೆಳಗೆ ಕಂಬ ಕಂಡ್ರೆ ಹಸು ಕಟ್ಟೋದು ತಾನೇ? ಮೇಲ್ಗಡೆ ಏನೈತೆ ಅಂತ ಕತ್ತೆತ್ತಿ ನೋಡಿ ಯಾವನಾದ್ರೂ ಹಸು ಕಟ್ತಾನಾ?" ಎಂದ ಗೌಡರು, ಸುತ್ತ ನಿಂತವರು ನಗುವುದನ್ನು ಕಂಡು ಧ್ವನಿ ಏರಿಸಿದರು. "ಅಲ್ಲ ಕಣವ್ವ, ಈ ವಯಸ್ಸಲ್ಲಿ ಹತ್ತನೇ ಕ್ಲಾಸು ಪಾಸಾಗಿ ಯಾವ ಆಫೀಸರಾಗ್ಬೇಕು ನೀನು?"

"ಆಫೀಸರಾಗಾಕಲ್ಲ ಗೌಡ್ರೇ. ಕೂತಿರೋ ಕುರ್ಚೀಲಿ ಕೂತಿರಾಕೆ."

ಅವರು ಅದನ್ನು ಸಿಟ್ಟಿನಿಂದ ಹೇಳಲಿಲ್ಲ. ಹಾಲಿನ ತೂಕ ಹೇಳುವ ಧ್ವನಿಯಲ್ಲೇ ಹೇಳಿದರು. ಸುತ್ತಲಿನವರ ನಗು ನಿಂತಿತು. ಆ ಕುರ್ಚಿ ಯಾರ ಮನೆಗೆ ಹೋಗಬೇಕೆಂದು ಮಾತಾಗಿದೆ ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು, ಗೌಡರಿಗೂ ಗೊತ್ತಿತ್ತು. ಅವರು ಎದ್ದು ಹಗ್ಗ ಬಿಚ್ಚಿ ಹಸುವನ್ನು ಬೇವಿನ ಮರಕ್ಕೆ ಕಟ್ಟಿದರು. ಮರುದಿನ ಬೆಳಿಗ್ಗೆ ನಾನು ಹೋಗುವ ಹೊತ್ತಿಗೆ ತಮ್ಮ ತೋಟದಿಂದ ಕಲ್ಲು ತರಿಸಿ, ಪೈಪಿನ ಬುಡಕ್ಕೆ ಬಿಗಿದು, ಮೇಲೆ ಸಿಮೆಂಟು ಮೆತ್ತಿಸುತ್ತ ನಿಂತಿದ್ದರು. ನನ್ನನ್ನು ಕಂಡು, "ಇನ್ನು ಆನೆ ಕಟ್ಟಿದ್ರೂ ಅಲ್ಲಾಡಲ್ಲ ಮೇಷ್ಟ್ರೇ. ಫೇಲಾದ್ರೆ ನಿಮ್ಮ ಪಾಠದ ತಪ್ಪು" ಎಂದರು. ಸಿಮೆಂಟು ಒಣಗಿದ ಮೇಲೆ ಸೆಕ್ರೆಟರಿಯಮ್ಮ ಡಿಶ್ಶಿನ ಬೋಲ್ಟು ಸಡಿಲಿಸಿ, ನಾನು ಒಳಗಿಂದ ಐತೆ, ಇಲ್ಲ ಎನ್ನುತ್ತಿದ್ದಂತೆ, ಅದನ್ನು ಸರಿಯಾದ ಜಾಗಕ್ಕೆ ತಂದು ಬಿಗಿದರು. ಕೆಳಗಿನ ಪಟ್ಟಿ ಅಷ್ಟು ಉದ್ದವಾದದ್ದನ್ನು ಅಲ್ಲಿಯವರೆಗೆ ನೋಡಿರಲಿಲ್ಲ.

ಚಿತ್ರ ಸರಿಹೋಯಿತು, ನನ್ನ ಕೆಲಸ ಮುಗಿಯಿತೆಂದು ನಾನು ಮರುದಿನ ಹೋಗಲಿಲ್ಲ. ಒಂಬತ್ತಕ್ಕೆ ಮನೆ ಬಾಗಿಲಲ್ಲಿ ಅವರೇ ನಿಂತಿದ್ದರು. "ಟೀವಿ ಮೇಷ್ಟ್ರು ಚೆನ್ನಾಗಿ ಹೇಳ್ತಾರೆ. ಆದ್ರೆ ನಾನು ಕೇಳಿದ್ದಕ್ಕೆ ಉತ್ತರ ಕೊಡಲ್ಲ. ಬನ್ನಿ" ಎಂದು ತಿರುಗಿ ನಡೆದರು. ಪತ್ರಿಕೆ ಮಡಿಚಿಟ್ಟು ಹೊರಟೆ. ಅಂದಿನಿಂದ ಇಂದಿನವರೆಗೆ ಆ ಹೊತ್ತಿನಲ್ಲಿ ನಾನು ಪತ್ರಿಕೆ ಓದಿಲ್ಲ.

ಪರೀಕ್ಷೆ ಮುಂದಕ್ಕೆ ಹೋಗಿ ಹೋಗಿ ಕೊನೆಗೆ ನಡೆಯಿತು. ಅವರು ಬೆಳಗಿನ ಹಾಲು ಅಳೆದು, ಕ್ಯಾನುಗಳನ್ನು ಲಾರಿಗೆ ಹತ್ತಿಸಿ, ಹಗರೆಗೆ ನಡೆದು ಬಸ್ಸು ಹಿಡಿದು ಬೇಲೂರಿಗೆ ಹೋಗಿ ಬರೆದರು. ಸಂಜೆ ಹಾಲಿಗೆ ವಾಪಸ್ಸು ಕೂತಿದ್ದರು. ಹೇಗಾಯಿತು ಎಂದು ಕೇಳಿದರೆ, "ಕೊಳದ ಲೆಕ್ಕ ಬಂದಿತ್ತು" ಎಂದಷ್ಟೇ ಹೇಳಿದರು. ಫಲಿತಾಂಶ ಬಂದಾಗ ಪಾಸಾಗಲು ಬೇಕಾದದ್ದಕ್ಕಿಂತ ಮೂರು ಅಂಕ ಹೆಚ್ಚಿತ್ತು.

ಗೌಡರು ಡೇರಿಯ ಮುಂದೆ ನಿಂತು, "ಮೂರು ಜಾಸ್ತಿನಾ? ಮೇಷ್ಟ್ರು ನೀರು ಬೆರೆಸಿರಬೇಕು" ಎಂದರು.

"ಟೆಸ್ಟ್ ಮಾಡಿಸ್ಕಳಿ ಗೌಡ್ರೇ, ಪೂರ್ತಿ ಫ್ಯಾಟು" ಎಂದು ಅವರು ಪಾತ್ರೆ ತೆಗೆದುಕೊಂಡರು. ಮುಂದಿನ ತಿಂಗಳ ಸಭೆಯಲ್ಲಿ ಅವರನ್ನು ಕಾಯಂ ಮಾಡಿದರು. ಸೂಚಿಸಿದ್ದು ಅಧ್ಯಕ್ಷೆ, ಅಂದರೆ ಗೌಡರೇ.

ಶಾಲೆಗಳು ತೆರೆದು ಮಕ್ಕಳು ಹೋದರು. ಟೀವಿಯ ಪಾಠವೂ ನಿಂತಿತು. ನನ್ನ ಬಿಡುವು ನನಗೆ ಮರಳಿತು ಎಂದುಕೊಳ್ಳುವಷ್ಟರಲ್ಲಿ ಸೆಕ್ರೆಟರಿಯಮ್ಮ ಹಾಲು ಹಾಕುವ ಹೆಂಗಸರಲ್ಲಿ ಅರ್ಧಕ್ಕೆ ಶಾಲೆ ಬಿಟ್ಟವರನ್ನು ಹಿಡಿದು ತಂದು ಅದೇ ಚಾಪೆಯ ಮೇಲೆ ಕೂರಿಸಿದರು. "ನಾನು ಪಾಸಾಗಿರೋದು ನೋಡಿದೀರಲ್ಲ. ನನಗಿಂತ ದಡ್ಡಿ ಯಾರವ್ರೆ, ಕೈಯೆತ್ತಿ" ಎಂದು ಕೇಳಿದರಂತೆ. ಯಾರೂ ಎತ್ತಲಿಲ್ಲವಂತೆ. ಅವರಿಗೆಲ್ಲ ಹಾಲು ಅಳೆಯುವುದನ್ನೂ ಯಂತ್ರ ನಡೆಸುವುದನ್ನೂ ಅವರು ಕಲಿಸಿದರು. ಗಣಿತ ನನ್ನ ಪಾಲು. ಗೌಡರ ಸೊಸೆಯೂ ಬಂದಳು. ಅವಳಿಗೆ ಪ್ರಮಾಣಪತ್ರವಿತ್ತು, ಹಾಲಿನ ಕೆಲಸ ಗೊತ್ತಿರಲಿಲ್ಲ.

ಕಳೆದ ವರ್ಷ ಅವರು ಎದೆನೋವೆಂದು ಹಾಸನದ ಆಸ್ಪತ್ರೆಗೆ ಹೋದರು, ಜೀವಂತ ಮರಳಲಿಲ್ಲ. ವಯಸ್ಸು ನನಗಿಂತ ಬಹಳ ಕಡಿಮೆ. ಮಧ್ಯಾಹ್ನ ಅವರ ಹೊಲದಲ್ಲೇ ಸಂಸ್ಕಾರ ಮುಗಿಸಿ ಊರೆಲ್ಲ ಮನೆಗೆ ಬಂದು ಸ್ನಾನ ಮಾಡಿತು. ಐದು ಗಂಟೆಗೆ ಕೊಟ್ಟಿಗೆಗಳಲ್ಲಿ ಹಸುಗಳು ಕೂಗತೊಡಗಿದವು. ಹಾಲು ಕರೆಯಲೇಬೇಕು, ಕರೆದದ್ದನ್ನು ಎಲ್ಲಾದರೂ ಹಾಕಲೇಬೇಕು, ಲಾರಿ ಬಂದೇ ಬರುತ್ತದೆ. ಹೆಂಗಸರು ಪಾತ್ರೆ ಹಿಡಿದು ಡೇರಿಯ ಮುಂದೆ ಬಂದು ಸಾಲಾಗಿ ನಿಂತರು. ಗೌಡರು ಬೀಗದ ಕೈ ಹಿಡಿದುಕೊಂಡು ನನ್ನ ಕಡೆ ನೋಡಿದರು. ಚಾಪೆಯ ಮೇಲೆ ಕೂತು ಕಲಿತವರಲ್ಲಿ ಒಬ್ಬಳು ಬೀಗದ ಕೈ ಇಸಿದುಕೊಂಡು ಬಾಗಿಲು ತೆಗೆದಳು. ಇನ್ನೊಬ್ಬಳು ಯಂತ್ರ ಹಚ್ಚಿದಳು. ಗೌಡರ ಸೊಸೆ ಕ್ಯಾನು ಇಟ್ಟಳು. ಕುರ್ಚಿಯಲ್ಲಿ ಯಾರೂ ಕೂರಲಿಲ್ಲ, ನಿಂತೇ ಅಳೆದರು. ಲಾರಿ ಹೊರಡುವ ಹೊತ್ತಿಗೇ ಹೊರಟಿತು.

ನಾನು ಮನೆಗೆ ಬಂದು ಊಟ ಬೇಡವೆಂದೆ. ಹಳೆಯ ಪಠ್ಯಪುಸ್ತಕ ತೆಗೆದು ಮರುದಿನಕ್ಕೆ ಲೆಕ್ಕಗಳನ್ನು ಆರಿಸತೊಡಗಿದೆ. ಹೆಂಡತಿ ನೋಡಿದಳು. ದೀಪ ಹತ್ತಿರ ತಂದಿಟ್ಟಳು. ಮೂವತ್ತೈದು ವರ್ಷ ಕಲಿಸಿದವನಿಗೆ ಕಲಿಸುವ ಕೆಲಸವನ್ನು ಮತ್ತೆ ಕೊಟ್ಟವರು ಇಲ್ಲವಾಗಿದ್ದರು, ಕೊಟ್ಟ ಕೆಲಸ ಇತ್ತು.

ಬೆಳಿಗ್ಗೆ ಎಂಟೂವರೆಗೆ ಹೋದೆ. ಎಲ್ಲರೂ ಬಂದು ಕೂತಿದ್ದರು.